ಇಸ್ತ್ರಿಪೆಟ್ಟಿಗೆಯ ಹೆಸರಿನ ಮಾಂಸದ ತುಂಡು

ನಮ್ಮ ಶಾಲೆಯ ಸ್ಮರಣ ಸಂಚಿಕೆಗೆ ಹಳೆಯ ವಿದ್ಯಾರ್ಥಿನಿಯರು ಏನಾದರೂ ಬರೆದು ಕಳುಹಿಸಬೇಕೆಂಬ ಪತ್ರವು ಬಂದಾಗ ನಾವು ಅಕ್ಕತಂಗಿಯರಿಬ್ಬರೂ ಅಡಿಗೆಯ ಮನೆಯಲ್ಲಿದ್ದೆವು. ಪತ್ರವನ್ನು ಎರಡು ಸಾರಿ ಓದಿಕೊಂಡು, ಏನು ಬರೆಯಬೇಕೆಂದು ಬಹು ಹೊತ್ತು ಯೋಚಿಸಿದೆವು. ನಮ್ಮ ಸಂಗಡ ಓದಿದವರಲ್ಲಿ ಕೆಲವರು ವೈದ್ಯರಾಗಿದ್ದಾರೆ, ಕೆಲವರು ಉಪಾಧ್ಯಾಯಿನಿಯರಾಗಿದ್ದಾರೆ. ಅವರು ದೊಡ್ಡ ವಿಷಯಗಳನ್ನು ಕುರಿತು ಬರೆಯುವರು. ನಮಗಾದರೋ ಅಂಥ ವಿಷಯ ಯಾವದೂ ತಿಳಿಯದು. ಆ ಹೊತ್ತಿನಲ್ಲಿ ನಮ್ಮ ಮುಂದೆ ಹಲಗೆಯ ಮೇಲೆ ಇದ್ದದ್ದು ದನದ ಹೆಗಲಿನ ಒಂದು ಅಗ್ಗದ ಮಾಂಸದ ತುಂಡು. ಅದನ್ನೇ ಕುರಿತು ಬರೆಯೋಣವೆಂದು ನಿಶ್ಚಯಿಸಿದೆವು. ಓದುವವರು ನಗಬಹುದು, ಆದರೆ ನಕ್ಕ ಮೇಲೆ ಕಡೆಯ ತನಕ ಓದಬೇಕೆಂದು ಬೇಡಿಕೊಳ್ಳುತ್ತೇವೆ.

ಮೊದಲು ಒಂದು ಮಾತು ಹೇಳಬೇಕು. ನಮ್ಮ ಶಾಲೆಯ ಬೆಂಚುಗಳ ಮೇಲೆ ಎಲ್ಲಾ ಜಾತಿ ಮತಗಳ ಹುಡುಗಿಯರೂ ಕೂಡಿ ಕುಳಿತಿದ್ದೆವು. ದನದ ಮಾಂಸವನ್ನು ಮುಟ್ಟದ ಗೆಳತಿಯರು ನಮಗೆ ಬಹಳ ಮಂದಿ ಉಂಟು. ಮಧ್ಯಾಹ್ನ ಬುತ್ತಿ ಬಿಚ್ಚುವಾಗ ಅವರ ಮನಸ್ಸು ನೋಯದಂತೆ ನಡೆಯುವದನ್ನು ನಾವು ಕಲಿತೆವು. ನಮ್ಮ ಮನೆಯ ಊಟವನ್ನು ಹಳಿಯದೆ ಇರುವದನ್ನು ಅವರೂ ಕಲಿತರು. ಆ ಸ್ನೇಹವನ್ನು ನಂಬಿಯೇ ಇದನ್ನು ಬರೆಯುತ್ತಿದ್ದೇವೆ. ಅಲ್ಲದೆ ಕರ್ನಾಟಕದಲ್ಲಿ 2021ರಲ್ಲಿ ಜಾರಿಗೆ ಬಂದ ಕಾಯಿದೆಯು ಹಸು, ಎತ್ತು, ಕರುಗಳ ವಧೆಯನ್ನು ನಿಷೇಧಿಸಿ, 13 ವರ್ಷ ಮೀರಿದ ಎಮ್ಮೆ ಕೋಣಗಳಿಗೆ ಮಾತ್ರ, ಅದೂ ಅಧಿಕಾರಿಗಳ ಪ್ರಮಾಣಪತ್ರದ ಮೇಲೆ, ಅವಕಾಶವಿಟ್ಟಿತು. ನಾವು ಹೇಳುವ ಸಂಗತಿಯು ನಡೆದದ್ದು ಅಮೇರಿಕಾ ದೇಶದ ನೆಬ್ರಾಸ್ಕ ಸಂಸ್ಥಾನದ ಲಿಂಕನ್ ಪಟ್ಟಣದಲ್ಲಿ. ಆದುದರಿಂದ ಊರಿನಲ್ಲಿರುವ ಸಹೋದರಿಯರು ಇದನ್ನು ದೂರದ ಒಂದು ಮನೆಯ ವರ್ತಮಾನವೆಂದು ಎಣಿಸಿಕೊಂಡರೆ ಸಾಕು.

ನಮ್ಮ ಅವ್ವನಿಗೆ ಈಗ ಎಂಭತ್ತು ದಾಟಿದೆ. ಅಪ್ಪನು ಕರ್ತನಲ್ಲಿ ನಿದ್ರೆಹೋದ ಮೇಲೆ ಆಕೆಯನ್ನು ಬೆಟಗೇರಿಯಿಂದ ನಮ್ಮ ಬಳಿಗೆ ಕರೆದುಕೊಂಡು ಬಂದೆವು. ಚಳಿಗಾಲದ ದೀರ್ಘವಾದ ಸಂಜೆಗಳಲ್ಲಿ ಅವಳು ತನ್ನ ಬಾಲ್ಯದ ಕಥೆಗಳನ್ನು ಹೇಳುವಳು. 1958ರ ಸುಮಾರಿಗೆ, ತನ್ನ ಹದಿನಾಲ್ಕನೆಯ ವಯಸ್ಸಿನಲ್ಲಿ, ಅವಳು ಒಂದು ಮಿಶನ್ ಬಂಗಲೆಯಲ್ಲಿ ಕೆಲಸಕ್ಕಿದ್ದಳು. ಉಳ್ಳಾಗಡ್ಡಿ ಸುಲಿಯುವದು, ತಟ್ಟೆಗಳನ್ನು ತೊಳೆಯುವದು, ಹಿಂದಿನ ಅಡಿಗೆಮನೆಯಿಂದ ಊಟದ ಕೋಣೆಗೆ ಪಾತ್ರೆಗಳನ್ನು ಒಯ್ಯುವದು ಅವಳ ಪಾಲಿನ ಕೆಲಸ. ಕೆಲವು ಭಾನುವಾರಗಳಲ್ಲಿ ಬಟ್ಲರನು ದಪ್ಪವಾದ ಮಾಂಸದ ತುಂಡುಗಳನ್ನು ಬಾಣಲೆಯಲ್ಲಿ ಕೆಂಪಗೆ ಹುರಿದು ಕೊಡುತ್ತಿದ್ದನು. ಅವಳು ಅದನ್ನು ಬೆಳ್ಳಿಯ ಮುಚ್ಚಳದ ಕೆಳಗೆ ಇಟ್ಟು, ಅಂಗಳವನ್ನು ದಾಟಿ, ಬಿಸಿಯಾಗಿರುವಾಗಲೇ ಮೇಜಿಗೆ ಮುಟ್ಟಿಸಬೇಕಾಗಿತ್ತು. ಉಳಿದದ್ದೇನಾದರೂ ಇದ್ದರೆ ಮರುದಿನ ಕೊಚ್ಚಿ ಕಟ್ಲೆಟ್ ಮಾಡಿ ಅದೇ ಮೇಜಿಗೆ ಕಳುಹಿಸುತ್ತಿದ್ದರು. ಆ ಮನೆಯ ಅಮ್ಮನವರು ಕೆಟ್ಟವರಾಗಿರಲಿಲ್ಲ. ಅವ್ವನಿಗೆ ಹೊಲಿಗೆಯನ್ನೂ ಓದುವದನ್ನೂ ಕಲಿಸಿದವರು ಅವರೇ. ಆದರೆ ಆ ಕಾಲದ ರೀತಿಯು ಹಾಗಿತ್ತು. ಎರಡು ವರುಷ ಆ ಮಾಂಸವನ್ನು ಹೊತ್ತವಳು ಒಂದು ಚೂರನ್ನಾದರೂ ಬಾಯಿಗೆ ಹಾಕಿಕೊಳ್ಳಲಿಲ್ಲ.

“ಅದರ ವಾಸನಿ ಮಾತ್ರ ನನಗ ಗೊತ್ತು. ರುಚಿ ಹೆಂಗಿರತಿತ್ತೋ ಏನೋ!” ಎಂದು ಅವಳು ಒಂದು ಸಂಜೆ ಹೇಳಿದಳು. ದೂರುವದಕ್ಕಾಗಿ ಹೇಳಲಿಲ್ಲ, ಮಳೆಯ ಮಾತನ್ನೋ ಬೆಳೆಯ ಮಾತನ್ನೋ ಆಡುವಂತೆ ಆಡಿದಳು. ನಾವಿಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡಿಕೊಂಡೆವು.

ನಮ್ಮ ಮನೆಯಲ್ಲಿ ಮಾಂಸದ ಅಡಿಗೆ ಎಂದರೆ ಸಾರು. ಸಣ್ಣಗೆ ಹೆಚ್ಚಿದ ತುಂಡುಗಳು ಮಸಾಲೆಯೊಳಗೆ ಎರಡು ಮೂರು ತಾಸು ಕುದ್ದು ತಾವಾಗಿ ಬಿಚ್ಚಿಕೊಳ್ಳಬೇಕು. ಇಡೀ ತುಂಡನ್ನು ಕೆಲವೇ ನಿಮಿಷ ಸುಟ್ಟು ತಟ್ಟೆಗೆ ಹಾಕುವ ಸ್ಟೇಕ್ ಎಂಬ ಪದಾರ್ಥವನ್ನು ನಾವು ಎಂದೂ ಮಾಡಿದವರಲ್ಲ. ಅದಕ್ಕೆ ಹೆಸರಾದ ಮಾಂಸವು ಬೆನ್ನೆಲುಬಿನ ಒಳಮಗ್ಗುಲಲ್ಲಿರುವ ಟೆಂಡರ್‌ಲಾಯಿನ್ ಎಂಬುದು. ದನದ ಶರೀರದಲ್ಲೆಲ್ಲಾ ಅಷ್ಟು ಮೆತ್ತನೆಯ ಮಾಂಸವು ಬೇರೊಂದಿಲ್ಲ; ಅದರ ಬೆಲೆಯೂ ಹಾಗೆಯೇ. ಆ ವರುಷ ನಮ್ಮಲ್ಲಿ ಕಿರಿಯಳು, ಆಸ್ಪತ್ರೆಯಲ್ಲಿ ದಾದಿಯಾಗಿರುವವಳು, ಬೆನ್ನುನೋವಿನಿಂದ ಅರ್ಧ ದಿನದ ಕೆಲಸಕ್ಕೆ ಇಳಿದಿದ್ದಳು. ಹಿರಿಯಳಿಗೆ ಒಂದು ಶಾಲೆಯ ಅಡಿಗೆಮನೆಯಲ್ಲಿ ಸಂಬಳವು ಅಷ್ಟಕ್ಕಷ್ಟೆ. ಮನೆಯ ಬಾಡಿಗೆ, ಅವ್ವನ ಔಷಧ, ಬೆಂಕಿ ಬೆಳಕಿನ ಖರ್ಚು ಕಳೆದ ಮೇಲೆ ಉಳಿಯುವ ಹಣದಲ್ಲಿ ಟೆಂಡರ್‌ಲಾಯಿನ್ ಕೊಳ್ಳುವದು ನಮ್ಮಿಂದ ಆಗುವದಾಗಿರಲಿಲ್ಲ.

ಅವ್ವನ ಹುಟ್ಟಿದ ದಿನವು ಯಾರಿಗೂ ಗೊತ್ತಿಲ್ಲ. ದೀಕ್ಷಾಸ್ನಾನದ ದಿನವು ಸಭೆಯ ಪುಸ್ತಕದಲ್ಲಿ ಬರೆದಿರುವದರಿಂದ ನಾವು ಅದನ್ನೇ ಆಚರಿಸುತ್ತೇವೆ. ಆ ಸಾರಿ ಆ ದಿನಕ್ಕೆ, ಮಾಂಸದಂಗಡಿಯಲ್ಲಿ ಎಲ್ಲಕ್ಕಿಂತ ಕಡಿಮೆ ಬೆಲೆಗೆ ಸ್ಟೇಕ್ ಎಂದು ಚೀಟಿ ಹಚ್ಚಿದ್ದ ಮೂರು ತುಂಡುಗಳನ್ನು ತಂದೆವು. ಅವು ಹೆಗಲಿನ ಭಾಗದವು. ಪ್ರತಿಯೊಂದು ತುಂಡಿನ ನಟ್ಟನಡುವೆ ಬಿಳಿಯ ಗೆರೆಯೊಂದು ಇತ್ತು. ಅದನ್ನು ಕೊಬ್ಬೆಂದು ತಿಳಿದು, ಕರಗೀತೆಂದು ನಂಬಿದೆವು. ಉಪ್ಪು ಮೆಣಸು ಹಚ್ಚಿ ಕಾವಲಿಯ ಮೇಲೆ ಹಾಕಿದೆವು. ತುಂಡುಗಳು ಸೆಟೆದು ದೋಣಿಯಂತೆ ಮುದುರಿಕೊಂಡವು. ಆದರೂ ಮೇಜಿನ ಮೇಲೆ ಬಿಳಿಯ ಬಟ್ಟೆಯನ್ನು ಹಾಸಿ, ಅವ್ವನನ್ನು ನಡುವೆ ಕೂಡ್ರಿಸಿ, ಪ್ರಾರ್ಥನೆ ಮಾಡಿ ಬಡಿಸಿದೆವು. ಅವಳು ಮೆಲ್ಲಗೆ, ಬಹು ಹೊತ್ತು ಊಟ ಮಾಡಿದಳು. ಕಡೆಗೆ, “ಭಾಳ ಚಲೋ ಆಗೇದವಾ” ಎಂದಳು. ಅವಳ ತಟ್ಟೆಯು ಖಾಲಿಯಾಗಿತ್ತು. ನಮಗೆ ಆದ ಸಂತೋಷವನ್ನು ಏನು ಹೇಳೋಣ!

ಮರುದಿನ ಬಟ್ಟೆ ಒಗೆಯುವಾಗ ಅವಳ ಕರವಸ್ತ್ರವು ಗಂಟು ಕಟ್ಟಿದ್ದು ಕೈಗೆ ಸಿಕ್ಕಿತು. ಬಿಚ್ಚಿ ನೋಡಿದರೆ ಅಗಿದು ಅಗಿದು ನುಂಗಲಾರದೆ ಉಗುಳಿದ ಮಾಂಸದ ಚೂರುಗಳು. ಅವಳ ಕಟ್ಟಿದ ಹಲ್ಲುಗಳು ಸಡಿಲವಾಗಿದ್ದದ್ದು ನಮಗೆ ಗೊತ್ತಿತ್ತು. ಆದರೂ ಅದನ್ನು ಲಕ್ಷ್ಯಕ್ಕೆ ತಂದುಕೊಂಡಿರಲಿಲ್ಲ. ನಮ್ಮ ಮನಸ್ಸು ನೋಯಬಾರದೆಂದು ಅವಳು ಒಂದೊಂದು ತುತ್ತನ್ನೂ ಕರವಸ್ತ್ರದೊಳಗೆ ಅಡಗಿಸಿ, ತಟ್ಟೆಯನ್ನು ಬರಿದು ಮಾಡಿ ತೋರಿಸಿದ್ದಳು. ಅರುವತ್ತು ವರುಷಗಳ ಮೇಲೆ ಆ ಮೇಜಿನ ಮುಂದೆ ಕೂಡ್ರಿಸಿ ನಾವು ಅವಳಿಗೆ ಕೊಟ್ಟದ್ದು ಇದು! ಹಿರಿಯಳು ಆ ಕರವಸ್ತ್ರವನ್ನು ತೊಳೆದು ಮಡಿಚಿ ಇದ್ದಲ್ಲಿಯೇ ಇಟ್ಟಳು. ಅದರ ಮಾತನ್ನು ಅವ್ವನ ಮುಂದೆ ಎಂದೂ ಎತ್ತಲಿಲ್ಲ.

ಎರಡು ದಿನ ಕಳೆದ ಮೇಲೆ, ಮಾಂಸದಂಗಡಿಯಲ್ಲಿ ಕಡಿಯುವ ಕೆಲಸ ಮಾಡುವ ವೃದ್ಧನೊಬ್ಬನನ್ನು ನಾವು ಕೇಳಿದೆವು. ನಡುವಿನ ಬಿಳಿಯ ಗೆರೆಯ ವಿಷಯ ಹೇಳಿದ ಕೂಡಲೇ ಅವನು ನಕ್ಕು, ಒಳಗಿನಿಂದ ಸುಮಾರು ಮೂರು ಪೌಂಡು ತೂಗುವ ಇಡೀ ಮಾಂಸವನ್ನು ತಂದು ಹಲಗೆಯ ಮೇಲಿಟ್ಟನು. ನೀವು ಒಯ್ದದ್ದು ಇದನ್ನೇ, ಮಾಂಸದಲ್ಲಿ ದೋಷವಿಲ್ಲ, ಕತ್ತಿಯು ಹೋದ ದಾರಿಯಲ್ಲಿ ದೋಷ ಎಂದು ವಿವರಿಸಿದನು. ಹೇಗಂದರೆ, ಹೆಗಲಿನ ಹಲಗೆಯೆಲುಬಿಗೆ ಅಂಟಿಕೊಂಡಿರುವ ಈ ಮಾಂಸದ ನಡುವೆ, ಪುಸ್ತಕದೊಳಗೆ ಇಟ್ಟ ಒಂದು ದಪ್ಪ ಕಾಗದದಂತೆ, ಬಿರುಸಾದ ಬಿಳಿಯ ಪೊರೆಯೊಂದು ಉದ್ದಕ್ಕೂ ಹಾಯ್ದಿರುತ್ತದೆ. ಮಾಂಸವನ್ನು ಅಡ್ಡಲಾಗಿ ಕಡಿದರೆ ಪ್ರತಿ ತುಂಡಿಗೂ ಆ ಪೊರೆಯ ಪಾಲು ಬರುತ್ತದೆ. ಪೊರೆಯ ಮೇಲೊಂದು, ಕೆಳಗೊಂದು ಸಾರಿ ಕತ್ತಿಯನ್ನು ಮಲಗಿಸಿ ಎಳೆದರೆ ಪೊರೆಯು ಬೇರೆಯಾಗಿ, ಚಪ್ಪಟೆಯಾದ ಎರಡು ಒಳ್ಳೇ ತುಂಡುಗಳು ಉಳಿಯುತ್ತವೆ. ಅವಕ್ಕೆ ಈ ದೇಶದಲ್ಲಿ ಫ್ಲಾಟ್ ಐಯರ್ನ್ ಎಂದು ಹೆಸರು. ಯಾಕಂದರೆ ಅವುಗಳ ಆಕಾರವು ಹಳೆಯ ಕಾಲದ ಇಸ್ತ್ರಿಪೆಟ್ಟಿಗೆಯಂತೆ ಒಂದು ಕಡೆ ಅಗಲ, ಇನ್ನೊಂದು ಕಡೆ ಚೂಪು. ಆಸ್ಟ್ರೇಲಿಯದವರು ಈ ಮಾಂಸವನ್ನು ಆಯ್‌ಸ್ಟರ್ ಬ್ಲೇಡ್ ಎನ್ನುತ್ತಾರೆ. ಇಂಗ್ಲೆಂಡಿನಲ್ಲಿ ಬಟ್ಲರ್ಸ್ ಸ್ಟೇಕ್ ಎಂಬ ಹೆಸರೂ ಉಂಟು. ಬಟ್ಲರನ ಹೆಸರನ್ನು ಕೇಳಿ ನಮಗೆ ಬಂಗಲೆಯ ಹಿಂದಿನ ಅಡಿಗೆಮನೆಯು ಕಣ್ಣಿಗೆ ಕಟ್ಟಿದಂತಾಯಿತು.

ಇನ್ನೊಂದು ಆಶ್ಚರ್ಯವೇನಂದರೆ, ಈ ವಿದ್ಯೆಯು ಹುಟ್ಟಿದ್ದರಲ್ಲಿ ನಮ್ಮ ಲಿಂಕನ್ ಪಟ್ಟಣಕ್ಕೂ ಪಾಲುಂಟು. ದುಡಿಯುವ ಅಂಗದ ಮಾಂಸವು ಗಟ್ಟಿ ಎಂಬ ಸಾಮಾನ್ಯ ನಿಯಮದಿಂದ ಹೆಗಲಿನ ಮಾಂಸವನ್ನೆಲ್ಲಾ ಒಂದೇ ಗುಂಪಿಗೆ ಸೇರಿಸಿ, ಬಹಳ ಹೊತ್ತು ಬೇಯಿಸುವದಕ್ಕೋ ಅರೆಯುವದಕ್ಕೋ ಅಗ್ಗವಾಗಿ ಮಾರುತ್ತಿದ್ದರು. ನೆಬ್ರಾಸ್ಕ ವಿಶ್ವವಿದ್ಯಾಲಯದ ಕ್ರಿಸ್ ಕಾಲ್ಕಿನ್ಸ್, ಫ್ಲಾರಿಡ ವಿಶ್ವವಿದ್ಯಾಲಯದ ಡ್ವೇನ್ ಜಾನ್ಸನ್ ಎಂಬ ಪಂಡಿತರೂ ಅವರ ಸಂಗಡಿಗರೂ ಹೆಗಲು ಮತ್ತು ಹಿಂದೊಡೆಗಳ ಸ್ನಾಯುಗಳನ್ನು ಒಂದೊಂದಾಗಿ ಬೇರ್ಪಡಿಸಿ ಪರೀಕ್ಷಿಸಿದರು. ಟೆಂಡರ್‌ಲಾಯಿನನ್ನು ಬಿಟ್ಟರೆ ಮೆತ್ತಗಿನ ಮಾಂಸಗಳಲ್ಲಿ ಎರಡನೆಯ ಸ್ಥಾನವು ಹೆಗಲಿನ ಈ ಸ್ನಾಯುವಿಗೆ ಸಲ್ಲುತ್ತದೆಂದು ಅವರ ಪರೀಕ್ಷೆಯಿಂದ ಗೊತ್ತಾಯಿತು. 2002ರಿಂದ ಅದು ಫ್ಲಾಟ್ ಐಯರ್ನ್ ಎಂಬ ಹೆಸರಿನಲ್ಲಿ ಅಂಗಡಿಗಳಿಗೆ ಬಂತು. ಗಟ್ಟಿಯಾದ ನೆರೆಹೊರೆಯಲ್ಲಿ ಹುಟ್ಟಿದ್ದರಿಂದ ತಾನೂ ಗಟ್ಟಿ ಎಂದು ಅನ್ನಿಸಿಕೊಂಡು ಎಷ್ಟು ಕಾಲ ಕಳೆಯಿತೋ! ಒಬ್ಬೊಬ್ಬರನ್ನು ಪ್ರತ್ಯೇಕವಾಗಿ ನೋಡದೆ, ಇಂಥ ಓಣಿಯವರು, ಇಂಥ ಕುಲದವರು ಎಂದು ತೀರ್ಪು ಹೇಳುವದು ಮಾಂಸದ ವಿಷಯದಲ್ಲಿ ಮಾತ್ರ ನಡೆಯುವ ತಪ್ಪಲ್ಲ.

ಕಡಿದು ಹಸನುಮಾಡಿದ ತುಂಡಿಗಿಂತ ಇಡೀ ಮಾಂಸವನ್ನು ಒಯ್ದರೆ ಬೆಲೆ ಇನ್ನೂ ಕಡಿಮೆಯಾದುದರಿಂದ ನಾವು ಅದನ್ನೇ ಕೊಂಡೆವು. ಮನೆಯಲ್ಲಿ ಮೊದಲು ಮೇಲಿನ ತೆಳುವಾದ ಪೊರೆಯನ್ನು ಕೆರೆದು ತೆಗೆದೆವು. ಆಮೇಲೆ ದಪ್ಪ ತುದಿಯಲ್ಲಿ ನಡುವಿನ ಪೊರೆಯನ್ನು ಗುರುತಿಸಿ, ಹರಿತವಾದ ಸಣ್ಣ ಕತ್ತಿಯನ್ನು ಅದರ ಮೇಲಿಟ್ಟು, ಅಲಗು ಸ್ವಲ್ಪ ಪೊರೆಯ ಕಡೆಗೆ ಬಾಗಿರುವಂತೆ ಹಿಡಿದು, ಮೀನಿನ ಚರ್ಮವನ್ನು ಬಿಡಿಸುವಂತೆ ನಿಧಾನವಾಗಿ ಎಳೆದೆವು. ಮೊದಲನೆಯ ಸಾರಿ ನಮ್ಮ ಕೈ ಅಲುಗಿ, ಕೆಲವು ಕಡೆಗಳಲ್ಲಿ ಮಾಂಸವು ಪೊರೆಯ ಸಂಗಡ ಹೋಯಿತು. ಅವಸರ ಮಾಡಿದರೆ ಈ ಕೆಲಸವು ಕೆಡುವದು.

ಅಡಿಗೆಯ ಕ್ರಮವನ್ನು ಸಂಕ್ಷೇಪವಾಗಿ ಹೇಳುತ್ತೇವೆ. ತುಂಡು ಒಂದು ಅಂಗುಲ ದಪ್ಪವಿರಬೇಕು. ಪೌಂಡಿಗೆ ಮುಕ್ಕಾಲು ಚಹದ ಚಮಚದಷ್ಟು ಉಪ್ಪನ್ನು ಎರಡೂ ಮಗ್ಗುಲಿಗೆ ಹಚ್ಚಿ, ಮುಚ್ಚದೆ, ಒಂದು ರಾತ್ರಿ ಶೀತಪೆಟ್ಟಿಗೆಯಲ್ಲಿಡಬೇಕು. ವೇಳೆ ಇಲ್ಲದಿದ್ದರೆ ಮುಕ್ಕಾಲು ತಾಸಾದರೂ ಇರಲಿ. ಉಪ್ಪು ಮೊದಲು ಮಾಂಸದ ನೀರನ್ನು ಹೊರಗೆಳೆಯುತ್ತದೆ. ಆಮೇಲೆ ಆ ಉಪ್ಪುನೀರನ್ನು ಮಾಂಸವು ತಿರುಗಿ ಹೀರಿಕೊಳ್ಳುತ್ತದೆ. ಹುಳಿಯಲ್ಲಿ ನೆನೆಯಿಟ್ಟರೆ ಮೆತ್ತಗಾಗುವದೆಂದು ಹಲವರು ನಂಬುತ್ತಾರೆ. ಆದರೆ ಹುಳಿಯು ಮೇಲ್ಭಾಗವನ್ನು ಬಿಟ್ಟು ಬಹಳ ಒಳಕ್ಕೆ ಇಳಿಯುವದಿಲ್ಲ.

ಕಾಯಿಸುವ ಮೊದಲು ಮಾಂಸವನ್ನು ಬಟ್ಟೆಯಿಂದ ಒತ್ತಿ ಚೆನ್ನಾಗಿ ಒರಸಬೇಕು. ಒದ್ದೆಯಾಗಿದ್ದರೆ ಬೆಂಕಿಯ ಕಾವೆಲ್ಲಾ ನೀರನ್ನು ಆರಿಸುವದಕ್ಕೇ ವೆಚ್ಚವಾಗಿ, ಮಾಂಸವು ಹುರಿಯದೆ ಬೇಯುತ್ತದೆ. ದಪ್ಪ ಕಬ್ಬಿಣದ ಕಾವಲಿಯನ್ನು ಚೆನ್ನಾಗಿ ಕಾಯಿಸಿ, ಶೇಂಗಾ ಎಣ್ಣೆ ಸವರಿ, ತುಂಡುಗಳನ್ನು ಒಂದಕ್ಕೊಂದು ತಗಲದಂತೆ ಹಾಕಬೇಕು. ಮೇಲೆ ಏಳುವ ಕಂದು ಬಣ್ಣವೂ ಪರಿಮಳವೂ ಮಾಂಸದ ಸತ್ವಗಳು ಕಾವಿನಿಂದ ಮಾರ್ಪಾಟಾಗುವದರಿಂದ ಉಂಟಾಗುವವು. ಇದನ್ನು 1912ರಲ್ಲಿ ವಿವರಿಸಿದವನು ಲೂಯಿ ಕಮಿಲ್ ಮಾಯಾರ್ ಎಂಬ ಫ್ರೆಂಚ್ ರಸಾಯನ ಶಾಸ್ತ್ರಜ್ಞನು. ಮೇಲ್ಭಾಗವನ್ನು ಸುಟ್ಟರೆ ರಸವು ಒಳಗೇ ಬಂಧಿಸಲ್ಪಡುವದೆಂದು ಜರ್ಮನಿಯ ಲೀಬಿಗ್ ಪಂಡಿತನು 1847ರಲ್ಲಿ ಹೇಳಿದ್ದು ಅಡಿಗೆಯ ಪುಸ್ತಕಗಳಲ್ಲೆಲ್ಲಾ ಸೇರಿಕೊಂಡಿತು. ಅದು ನಿಜವಲ್ಲವೆಂದು ಈಗ ಗೊತ್ತಾಗಿದೆ. ಸುಡುವದು ರುಚಿಗೆ, ರಸವನ್ನು ಕಾಯುವದು ಹದವಾದ ಕಾವು.

ಆ ಹದವನ್ನು ಕಣ್ಣಳತೆಗೆ ಬಿಡದೆ ಉಷ್ಣಮಾಪಕದಿಂದ ನೋಡುವದು ಒಳ್ಳೇದು. 130ರಿಂದ 135 ಫ್ಯಾರನ್‌ಹೀಟ್ ಡಿಗ್ರಿಗೆ ತೆಗೆದರೆ ನಡುವೆ ಕೆಂಪಾಗಿರುತ್ತದೆ. ಹಲವರಿಗೆ ಅದೇ ಇಷ್ಟ. ಆದರೆ ಈ ದೇಶದ ಕೃಷಿ ಇಲಾಖೆಯು ಇಡೀ ತುಂಡಿನ ಮಾಂಸವನ್ನು 145 ಡಿಗ್ರಿಗೆ, ಎಂದರೆ 63 ಸೆಂಟಿಗ್ರೇಡಿಗೆ ಮುಟ್ಟಿಸಿ, ಮೂರು ನಿಮಿಷವಾದರೂ ಹಾಗೇ ಬಿಡಬೇಕೆಂದು ಹೇಳುತ್ತದೆ. ಮನೆಯಲ್ಲಿ ವೃದ್ಧರಿರುವಾಗ ಇದನ್ನು ಮೀರಬಾರದೆಂದು ದಾದಿಯಾದ ನಮ್ಮ ಕಿರಿಯಳು ಹಟಹಿಡಿದಳು. ನಮ್ಮ ಒಲೆಯ ಮೇಲೆ ಅದಕ್ಕೆ ಮಗ್ಗುಲಿಗೆ ನಾಲ್ಕೈದು ನಿಮಿಷ ಹಿಡಿಯಿತು. ಕಡೆಗೆ ಒಂದು ಚಮಚ ಬೆಣ್ಣೆಯನ್ನೂ ಜಜ್ಜಿದ ಬೆಳ್ಳುಳ್ಳಿಯನ್ನೂ ಹಾಕಿ ಮೇಲೆ ಎರೆದೆವು. ಇಳಿಸಿ ಐದು ನಿಮಿಷ ಮುಟ್ಟದೆ ಬಿಟ್ಟೆವು.

ಇನ್ನು ಕಟ್ಟಕಡೆಯ ಮಾತು, ಎಲ್ಲಕ್ಕಿಂತ ಮುಖ್ಯವಾದದ್ದು. ಮಾಂಸದ ಎಳೆಗಳು ಯಾವ ಕಡೆಗೆ ಹೋಗುತ್ತವೆಂದು ನೋಡಿ, ಅವಕ್ಕೆ ಅಡ್ಡವಾಗಿ ತೆಳ್ಳಗೆ ಹೆಚ್ಚಬೇಕು. ಎಳೆಯ ಉದ್ದಕ್ಕೆ ಕೊಯ್ದರೆ ಹಲ್ಲುಗಳು ಹಗ್ಗವನ್ನು ಅಗಿಯಬೇಕಾಗುವದು. ಅಡ್ಡವಾಗಿ ಕೊಯ್ದರೆ ಹಲ್ಲಿನ ಕೆಲಸವನ್ನು ಕತ್ತಿಯೇ ಮಾಡಿಕೊಟ್ಟಿರುತ್ತದೆ. ಹಲ್ಲು ಸಡಿಲವಾದವರ ಮನೆಯಲ್ಲಿ ಇದಕ್ಕಿಂತ ದೊಡ್ಡ ಉಪಕಾರವಿಲ್ಲ.

ಎರಡನೆಯ ಸಾರಿ ನಾವು ಯಾವ ಹಬ್ಬವನ್ನೂ ಕಾಯಲಿಲ್ಲ. ಒಂದು ಭಾನುವಾರ ದೇವಾಲಯದಿಂದ ಬಂದವರೇ ಒಲೆ ಹೊತ್ತಿಸಿದೆವು. ಕಾವಲಿಯ ಹೊಗೆಗೆ ಗೋಡೆಯ ಮೇಲಿನ ಎಚ್ಚರಿಕೆಯ ಗಂಟೆಯು ಕೂಗಿಕೊಂಡಿತು. ಕಿಟಕಿಗಳನ್ನೆಲ್ಲಾ ತೆರೆದು, ಹಿಮದ ಗಾಳಿಯಲ್ಲಿ ನಡುಗುತ್ತಾ ಅಡಿಗೆ ಮಾಡಿದೆವು. ಬಡಿಸುವ ಹೊತ್ತಿಗೆ ಅವ್ವ ಎದ್ದು ಬಂದು, ಕೈಯೊರೆಸಿಕೊಂಡು, ತಟ್ಟೆಗಳನ್ನು ಎತ್ತಿಕೊಂಡಳು. ಮೇಜಿಗೆ ಒಯ್ಯುವದು ಅವಳ ಕೈಗೆ ಬಂದ ರೂಢಿ. ಹಿರಿಯಳು ಅವಳ ಕೈಯಿಂದ ತಟ್ಟೆಗಳನ್ನು ಇಸಗೊಂಡು, “ಅವ್ವಾ, ನೀ ಹೋಗಿ ಕೂಡು” ಎಂದಳು. ಅವಳು ಒಂದು ಗಳಿಗೆ ನಿಂತು ನೋಡಿ, ಹೋಗಿ ಕುಳಿತಳು.

ನಾವು ನಮ್ಮ ತಟ್ಟೆಗಳನ್ನು ನೋಡಲಿಲ್ಲ. ಅವಳ ದವಡೆಯನ್ನೂ ಕರವಸ್ತ್ರವನ್ನೂ ನೋಡುತ್ತಿದ್ದೆವು. ಅವಳು ಒಂದು ಚೂರನ್ನು ಬಾಯಿಗೆ ಹಾಕಿ, ಅಗಿದು, ನುಂಗಿದಳು. ಮತ್ತೊಂದನ್ನು ತೆಗೆದುಕೊಂಡಳು. ಕರವಸ್ತ್ರವು ತೊಡೆಯ ಮೇಲೆ ಮಡಿಚಿದಂತೆಯೇ ಇತ್ತು. ಮೂರನೆಯ ಚೂರಿನ ಮೇಲೆ ಅವಳು ತಲೆಯೆತ್ತಿ, ರೊಟ್ಟಿ ಉಂಟೋ ಎಂದು ಕೇಳಿದಳು. ಗೋವಿನಜೋಳಕ್ಕೆ ಹೆಸರಾದ ಈ ಸೀಮೆಯಲ್ಲಿ ನಮ್ಮ ಜೋಳವೂ ಬೆಳೆಯುತ್ತದೆ. ಬೆಳಗಿನ ಮೆತ್ತನೆಯ ರೊಟ್ಟಿಗಳು ಬಟ್ಟೆಯಲ್ಲಿ ಸುತ್ತಿಟ್ಟಿದ್ದವು. ಅವಳು ತಾನೇ ಎದ್ದು, ಭರಣಿಯಿಂದ ಕೆಂಪು ರಂಜಕವನ್ನು ತಂದು, ಮಾಂಸದ ಚೂರಿಗೆ ಹಚ್ಚಿ, ರೊಟ್ಟಿಯಲ್ಲಿ ಸುತ್ತಿ ತಿಂದಳು. ಆಮೇಲೆ ಬಹು ಹೊತ್ತು ಏನೋ ನೆನೆಸಿಕೊಂಡು ಹೇಳಿದ್ದೇನಂದರೆ:

“ಅಮ್ಮಾವರು ಇದನ್ನ ಬರೇ ಉಪ್ಪು ಮೆಣಸಿನ ಮ್ಯಾಲ ತಿಂತಿದ್ರು. ಪಾಪ, ಅವರಿಗೆ ರಂಜಕ ಗೊತ್ತಿದ್ದಿಲ್ಲ.”

ಆ ದಿನ ನಾವು ಮೂವರೂ ನಕ್ಕ ನಗೆಯು ಈಗಲೂ ಆ ಮನೆಯಲ್ಲಿದೆ. ಅಂಗಳ ದಾಟಿ ಒಯ್ದ ಮುಚ್ಚಿದ ತಟ್ಟೆಯ ಕಥೆಯನ್ನು ಅವ್ವ ಈಗಲೂ ಹೇಳುತ್ತಾಳೆ. ಆದರೆ ರುಚಿ ಹೇಗಿತ್ತೋ ಎಂಬ ಮಾತು ಆ ಕಥೆಯ ಕಡೆಗೆ ಬರುವದಿಲ್ಲ. ರಂಜಕದ ಮಾತು ಬರುತ್ತದೆ.

ಕತ್ತಿಯಿಂದ ಬಿಡಿಸಿದ ಪೊರೆಯನ್ನೂ ಅದಕ್ಕೆ ಅಂಟಿದ ಚೂರುಗಳನ್ನೂ ನಾವು ಬಿಸಾಡಲಿಲ್ಲ. ಕೆಲವು ನಿಮಿಷದ ಬೆಂಕಿಗೆ ಜಗ್ಗದ ಪೊರೆಯು ಮೂರು ತಾಸು ನೀರಿನಲ್ಲಿ ಮೆಲ್ಲಗೆ ಕುದ್ದರೆ ಕರಗಿ, ಸಾರನ್ನು ಗಟ್ಟಿಯೂ ಪುಷ್ಟಿಯೂ ಆಗಿ ಮಾಡುತ್ತದೆ. ಸೋಮವಾರದ ಸಾರು ಅದರಿಂದಲೇ ಆಯಿತು. ಐದು ಸಾವಿರ ಮಂದಿಗೆ ಊಟ ಮಾಡಿಸಿದ ನಮ್ಮ ಕರ್ತನು ಉಳಿದ ತುಂಡುಗಳನ್ನು ಕೂಡಿಸಿಡಲು ಹೇಳಿದನೆಂಬ ಪಾಠವನ್ನು ನಾವು ಈ ಶಾಲೆಯಲ್ಲಿಯೇ ಕಲಿತೆವು. ಅಡಿಗೆಯ ಪಾಠವನ್ನು ಕಲಿಸಿದ ಅಕ್ಕನವರು ಬದನೆಕಾಯಿಯ ತೊಟ್ಟನ್ನು ಕೂಡ ಹಾಳುಮಾಡಗೊಡುತ್ತಿರಲಿಲ್ಲ. ಆಗ ನಾವು ಅವರ ಬೆನ್ನ ಹಿಂದೆ ನಗುತ್ತಿದ್ದೆವು. ಆ ತಪ್ಪನ್ನು ಇಲ್ಲಿ ಒಪ್ಪಿಕೊಳ್ಳುತ್ತೇವೆ.

ಈಗ ಓದುತ್ತಿರುವ ತಂಗಿಯರಿಗೆ ನಮ್ಮ ವಿಜ್ಞಾಪನೆ ಇಷ್ಟೇ. ನಿಮ್ಮ ಮನೆಯಲ್ಲಿ ಬೇಯುವದು ಮಾಂಸವಾಗಿರಲಿ, ಕಾಯಿಪಲ್ಯವಾಗಿರಲಿ, ಬಡಿಸಿದ ಮೇಲೆ ಬರಿದಾದ ತಟ್ಟೆಯನ್ನು ಮಾತ್ರ ನೋಡಿ ತೃಪ್ತರಾಗಬೇಡಿರಿ. ಹಿರಿಯರ ಕರವಸ್ತ್ರವನ್ನು ಒಗೆಯುವ ಕೆಲಸವನ್ನು ನೀವೇ ಮಾಡಿರಿ. ದೇವರು ನಮ್ಮ ಶಾಲೆಯನ್ನೂ ಅದರೊಳಗೆ ಕಲಿಯುವ, ಕಲಿಸುವ ಎಲ್ಲರನ್ನೂ ಆಶೀರ್ವದಿಸಲಿ.